ಬಾಗಿಲ ಸಂದಿಯ ಮರಾಠಿ

“ಇವತ್ತ ಸೋಮವಾರ ಹೌದೋ ಅಲ್ಲೋ?”

ಕೋಣೆಯಲ್ಲಿ ಯಾರೂ ಇರಲಿಲ್ಲ. ಶಿವಕಾಂತಾ ಕೇಳಿದ್ದು ಮುಚ್ಚಿದ ಬಾಗಿಲನ್ನು. ಹೊರಗಿನಿಂದ ಕೀಲಿ ಬಿದ್ದಿತ್ತು. ಶಹಾಪುರದ ಕಡೆಯಿಂದ ಮದುವೆಯಾಗಿ ಪುಣೆಯ ಧನಕವಡಿಗೆ ಬಂದಾಗಿನಿಂದ ಗಂಡ ಮಹೇಶಕುಮಾರ ಆಫೀಸಿಗೆ ಹೋಗುವಾಗ ಹೀಗೇ ಕೀಲಿ ಹಾಕಿಕೊಂಡು ಹೋಗುತ್ತಿದ್ದ. ಮರಾಠಿ ಬರದವಳು ಪುಣೆಯಲ್ಲಿ ಕಳೆದುಹೋಗುತ್ತಾಳೆ, ಮಾತು ಬಂದ ದಿನ ಕೀಲಿಕೈ ಅವಳ ಕೈಗೇ ಕೊಡುತ್ತೇನೆ ಎಂದು ಅವಳ ಅವ್ವನ ಮುಂದೆಯೇ ಹೇಳಿದ್ದ. ಗಲ್ಲಿಯ ತುದಿಯಲ್ಲಿ ಶಿವನ ಗುಡಿ. ಅದರ ಗಂಟೆ ದಿನಾ ಒಳಗೆ ಬರುತ್ತಿತ್ತು. ಅವಳು ಹೊರಗೆ ಹೋಗುವಂತಿರಲಿಲ್ಲ.

ಕೇಳಿ ಕಲಿಯುವುದು ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಜ್ಜಿ ವಚನ ಹೇಳುವಾಗ ಇವಳು ಬರೀ ದನಿಯನ್ನೇ ನುಂಗಿದ್ದಳು. ಅರ್ಥ ಆಮೇಲೆ ತಾನಾಗಿ ಬಂದಿತ್ತು. ಇಲ್ಲಿ ಎದುರುಮನೆಯ ಸ್ನೇಹಲ್ ಬಾಯಿ ಎಂಬ ಹೆಂಗಸಿನ ಮಾತು ಮೊದಮೊದಲು ಒಂದೇ ಹರಿವು, ಎಲ್ಲಿ ಮುರಿಯಬೇಕೋ ತಿಳಿಯದು. ಆದರೆ ನಳ ಸುರಿದಾಗಲೆಲ್ಲ ‘ಪಾಣೀ ಆಲಂ’ ಎಂಬ ಕೂಗು ಏಳುತ್ತಿತ್ತು. ‘ನಕೋ’ ಅಂದರೆ ತರಕಾರಿ ಗಾಡಿ ಮುಂದೆ ಉರುಳುತ್ತಿತ್ತು. ಆ ಬಾಯಿ ತನ್ನ ಮಗಳು ರೇಣುವಿಗೆ ‘ಕುಲೂಪ ಲಾವ’ ಅಂದರೆ ಕೀಲಿ ಬೀಳುವ ಸದ್ದು, ‘ಕುಲೂಪ ಕಾಢ’ ಅಂದರೆ ಬಾಗಿಲು ಕಿರುಗುಟ್ಟುವ ಸದ್ದು. ಎರಡರಲ್ಲೂ ಇದ್ದ ತುಣುಕು ಕೀಲಿಯೇ ಇರಬೇಕೆಂದು ಅದನ್ನು ಮಂತ್ರದಂತೆ ಬಾಯೊಳಗೇ ಹೊರಳಿಸಿದಳು.

ಆಚೆ ಬಾಯಿ ಶ್ರಾವಣ ಸೋಮವಾರದ ಮಾತೆತ್ತಿದ್ದು ಕೇಳಿಸಿತು. ಶಿವಕಾಂತಾ ತಡೆಯಲಾರದೆ ಹೋದಳು. ಶಾಲೆಗೆ ಹೋಗಲಾರೆನೆಂದು ರೇಣು ದಿನಾ ಅಳುವ ಮಾತಿನಲ್ಲಿ ಶಾಲೆ ತೆಗೆದು ಗುಡಿ ಇಟ್ಟಳು, ಒಲ್ಲೆ ಎಂಬುದನ್ನು ಬಿಟ್ಟು, ಗುಡಿಗೆ ಹೋಗಬೇಕು ಎಂದು ಕೂಗಿದಳು.

“ತಾಈ, ಮಲಾ ದೇವಳಾತ ಜಾಯಚಂ ಆಹೇ.”

ಆಚೆಯಿಂದ ನಗು ಕೇಳಿಸಿತು. ನಿನ್ನನ್ನು ಮೂಗಿ ಅಂದುಕೊಂಡಿದ್ದೆನಲ್ಲೇ ಎಂದಳು ಬಾಯಿ. ಸಂಜೆ ಬಾಗಿಲು ತೆಗೆದಾಗ ಜೊತೆಗೆ ಕರೆದೊಯ್ಯುತ್ತೇನೆ ಎಂದಳು. ಅಷ್ಟೂ ತಿಳಿಯಿತು.

ಸಂಜೆ ಮಹೇಶಕುಮಾರ ಬಾಗಿಲು ತೆಗೆದಾಗ ಅವಳು ವಿಭೂತಿ ಹಚ್ಚಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು.

“ಕುಲೂಪ ಲಾವೂ ನಕಾ,” ಅಂದಳು. “ಮಾತ ಬಂತ್ರಿ. ಇನ್ನ ಕೀಲಿಕೈ ಕೊಡ್ರಿ.”

ಯಾರು ಕಲಿಸಿದರು ಎಂದು ಅವನು ಚಪ್ಪಲಿಯನ್ನೂ ಬಿಡದೆ ಕೇಳಿದ. ಯಾರೂ ಇಲ್ಲ, ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ ಎಂದಳು. ಅವನು ಎದುರುಮನೆಯತ್ತ ನೋಡಿದ.

“ಅವರ ಕೂಡ ಮಾತಾಡಿದಿ?”

“ಹೌದ್ರಿ.”

ಅವನು ಕೀಲಿಕೈಯನ್ನು ಮುಷ್ಟಿಯೊಳಗೆ ಎಳೆದುಕೊಂಡ.

“ಇಷ್ಟ ದಿನ ಕಳದ ಹೋಗ್ತಿ ಅಂತ ಅಂಜಿಕಿ ಇತ್ತು. ಈಗ ದಾರಿ ಕೇಳ್ಕೋತ ಎಲ್ಲಿಗ್ಯಾದ್ರೂ ಹೋಗ್ತಿ. ಕೊಡೂದಿಲ್ಲ.”