ಸದ್ದಿಲ್ಲದ ವಾಲ್ವು

ಹಿರಿಯೂರಿನ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಹೂಕುಂಡ, ಮಾವಿನಹಣ್ಣು, ಹಿತ್ತಾಳೆ ಚೊಂಬು. ಇಪ್ಪತ್ತು ವರ್ಷ ಇವನ್ನೇ ಬರೆಸಿ ಬರೆಸಿ ಚೊಂಬು ಕಂಡರೆ ಮೈ ಉರಿಯುತ್ತಿತ್ತು. ಹಾಗಿರುವಾಗ ೧೯೭೪ರ ಬೇಸಿಗೆಯಲ್ಲಿ ಒಂದು ದಿನ ಚಿತ್ತಯ್ಯ ಹಳೇ ಪಂಚೆಯ ತುಂಡಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬಿಚ್ಚಿದರೆ ಹಿತ್ತಾಳೆ!

"ಮೇಷ್ಟ್ರೇ, ಇದರ ಚಿತ್ರ ಬರ್ಕೊಡ್ಬೇಕು."

"ನಿನ್ನ ಮನೆ ಚೊಂಬು ಬರೆಯೋಕೆ ನಾನೇ ಆಗ್ಬೇಕಾ?" ಎಂದು ಸಿಡುಕಿದೆ.

ಅದು ಚೊಂಬಾಗಿರಲಿಲ್ಲ. ಮುಷ್ಟಿಗಾತ್ರದ, ಮೂರು ಬಾಯಿಯ ಒಂದು ವಾಲ್ವು. ಚಿತ್ತಯ್ಯ ಹೈವೇ ಪಕ್ಕದ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹುಟ್ಟಿದ್ದು ಹೊಸದುರ್ಗದ ಕಡೆ, ಬಾಗೂರಿನ ಹತ್ತಿರದ ಹಟ್ಟಿಯಲ್ಲಿ. ಹದಿನೆಂಟು ತುಂಬುವವರೆಗೂ ಕುರಿ ಕಾದವನು. ಆಮೇಲೆ ಲಾರಿಯ ಕೆಳಗೆ ನುಸುಳಿದವನು ಹನ್ನೆರಡು ವರ್ಷ ಹೊರಗೇ ಬಂದಿರಲಿಲ್ಲ ಎನ್ನಬಹುದು.

ಅವನು ಹೇಳಿದ್ದು ಇಷ್ಟು. ಗಾಳಿ ಬ್ರೇಕಿನ ಲಾರಿಗಳಲ್ಲಿ ಗಾಳಿ ತುಂಬಿದ ಟ್ಯಾಂಕು ಒಂದೇ. ಅದರಿಂದ ಮುಂದಿನ ಗಾಲಿಗಳಿಗೊಂದು ಪೈಪು, ಹಿಂದಿನ ಗಾಲಿಗಳಿಗೊಂದು ಪೈಪು. ಎರಡರಲ್ಲಿ ಯಾವುದು ಒಡೆದರೂ ಟ್ಯಾಂಕಿನ ಗಾಳಿಯೆಲ್ಲ ಅದರಲ್ಲೇ ಹೊರಟುಹೋಗುತ್ತದೆ, ಸರಿಯಾಗಿರುವ ಇನ್ನೊಂದು ಕಡೆಯ ಬ್ರೇಕೂ ಕೆಡುತ್ತದೆ. ಅವನ ವಾಲ್ವು ಒಡೆದ ಕಡೆಯ ಬಾಯನ್ನು ತಾನಾಗಿ ಮುಚ್ಚಿ, ಉಳಿದ ಕಡೆಗೆ ಗಾಳಿ ಉಳಿಸುತ್ತಿತ್ತು.

"ನಮ್ ಕುರಿ ರೊಪ್ಪದಾಗೆ ನಡುವೆ ಒಂದು ಬಿದಿರು ತಡಿಕೆ ಇರ್ತೈತೆ ಮೇಷ್ಟ್ರೇ. ಕುರಿ ಕೂಡಿದ ಮ್ಯಾಲೆ ತೋಳ ಏನಾದ್ರೂ ಒಂದು ಕಡೆ ನುಗ್ಗಿದ್ರೆ ತಡಿಕೆ ಇಳಿಬಿಡ್ತೀವಿ. ಆ ಕಡೇವು ಹೋದ್ರೆ ಹೋಗ್ಲಿ, ಈ ಕಡೇವಾದ್ರೂ ಉಳೀತಾವೆ. ಇದೂ ಅಷ್ಟೇಯ."

ತಡಿಕೆ ಇಳಿಸುವಾಗ ಸದ್ದಾಗಬಾರದಂತೆ. ಸದ್ದಾದರೆ ಉಳಿದ ಅರ್ಧ ಮಂದೆ ಬೆದರಿ ಬೇಲಿ ಮುರಿದುಕೊಂಡು ಓಡುತ್ತದೆ. ಕುರಿಗೆ ಗೊತ್ತೇ ಆಗದ ಹಾಗೆ ಇಳಿಸಿದವನೇ ಹಟ್ಟಿಯಲ್ಲಿ ಹೆಸರುವಾಸಿ. ಚಿತ್ತಯ್ಯನ ಮೊದಲ ವಾಲ್ವು ಮುಚ್ಚಿಕೊಳ್ಳುವಾಗ ಟಕ್ ಎಂದು ಗಟ್ಟಿಯಾಗಿ ಬಡಿಯುತ್ತಿತ್ತು. ಆ ಟಕ್ ಅವನಿಗೆ ಅವಮಾನವಾಗಿ ಕಂಡಿತು. ಒಳಗಿನ ಹಿತ್ತಾಳೆ ಬಿಲ್ಲೆಗೆ ಎಣ್ಣೆಯಲ್ಲಿ ನೆನೆಸಿದ ಕುರಿ ತೊಗಲು ಕಟ್ಟಿ, ಸ್ಪ್ರಿಂಗು ಬದಲಿಸಿ ಬದಲಿಸಿ, ಸದ್ದು ತೆಗೆಯುವುದಕ್ಕೇ ಒಂದು ವರ್ಷ ಕಳೆದಿದ್ದ.

ನನಗೆ ಹುರುಪು ಹತ್ತಿತು. ಶಾಲೆ ಬಿಟ್ಟ ಮೇಲೆ ದಿನಾ ಕೂತು, ವಾಲ್ವನ್ನು ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ನಾಲ್ಕು ಕಡೆಯಿಂದ ಬರೆದೆ. ಪಕ್ಕದಲ್ಲಿ ಗುಣಗಳನ್ನು ಬರೆಯುವಾಗ 'ಸದ್ದಿಲ್ಲದೆ ಮುಚ್ಚುತ್ತದೆ' ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದವನೂ ನಾನೇ. ಅರ್ಜಿ, ಚಿತ್ರ ಎರಡೂ ಪೇಟೆಂಟ್ ಆಫೀಸಿಗೆ ಹೋದವು.

ಇನ್ನು ಪರೀಕ್ಷೆ. ಚಿತ್ತಯ್ಯನ ಅಕ್ಕ ಗಂಗಕ್ಕನ ಗಂಡ ಓಬಯ್ಯ ಅದಿರು ಲಾರಿಯ ಡ್ರೈವರ್. ಹದಿನೆಂಟು ವರ್ಷದಲ್ಲಿ ಒಂದು ಕೋಳಿಯ ಮೇಲೂ ಗಾಲಿ ಹರಿಸದ ಮನುಷ್ಯ. ಅವನ ಲಾರಿಗೇ ವಾಲ್ವು ಹಾಕುವುದೆಂದಾಯಿತು. ಲಾರಿಯ ಮಾಲೀಕರು ಒಪ್ಪಿದರು.

"ಪರೀಕ್ಷೆ ಮಾಡಾಕೆ ಇನ್ಯಾರ ಗಂಡಾನೂ ಸಿಗ್ಲಿಲ್ವೇನಲೇ ನಿಂಗೆ?" ಎಂದು ಗಂಗಕ್ಕ ನಗುತ್ತಲೇ ತಮ್ಮನ ತಲೆಗೆ ಮೊಟಕಿದಳು.

ಗ್ಯಾರೇಜಿನ ಅಂಗಳದಲ್ಲಿ ಹಿಂದಿನ ಪೈಪನ್ನು ಬೇಕೆಂದೇ ಕತ್ತರಿಸಿ ಲಾರಿ ಓಡಿಸಿದರು. ಓಬಯ್ಯ ಬ್ರೇಕು ಒತ್ತಿದ. ಮುಂದಿನ ಗಾಲಿಗಳು ಹಿಡಿದುಕೊಂಡು ಖಾಲಿ ಲಾರಿ ನಿಂತಿತು. ಟ್ಯಾಂಕಿನ ಗಾಳಿ ತೋರಿಸುವ ಮುಳ್ಳು ಡ್ರೈವರನ ಎದುರಿಗಿರುತ್ತದಲ್ಲ, ಅದು ಇದ್ದಲ್ಲಿಂದ ಅಲುಗಲಿಲ್ಲ. ಅದಕ್ಕೂ ಚಪ್ಪಾಳೆ ತಟ್ಟಿದೆವು. ಓದಿದವನು ನಾನು, ಆ ಮುಳ್ಳು ನೋಡಿ ನನಗಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ.

ಕತ್ತರಿಸಿದ ಪೈಪನ್ನು ಬದಲಿಸಿದ ಮೇಲೆ ಮೂರು ತಿಂಗಳು ಎಲ್ಲ ಸರಿಯಾಗಿತ್ತು. ದೀಪಾವಳಿಯಾದ ವಾರಕ್ಕೆ, ಹೊಸದುರ್ಗದ ಕಡೆಯಿಂದ ಅದಿರು ತುಂಬಿಕೊಂಡು ಹೊರಟ ಓಬಯ್ಯ ಹೊಳಲ್ಕೆರೆಯ ಹತ್ತಿರ ಇಳಿಜಾರಿನಲ್ಲಿ ಬರುತ್ತಿದ್ದ. ಕೆಳಗೆ ರೈಲ್ವೆ ಗೇಟು ಹಾಕಿತ್ತು. ಬ್ರೇಕು ಒತ್ತಿದರೂ ಲಾರಿ ನಿಲ್ಲಲಿಲ್ಲ. ಗೇಟು ಮುರಿದು ಹಳಿಯ ಮೇಲೆ ಅಡ್ಡ ನಿಂತಿತು. ರೈಲು ಆಗಷ್ಟೇ ದಾಟಿತ್ತು. ಒಂದು ನಿಮಿಷ ಮೊದಲಾಗಿದ್ದರೆ ಏನಾಗುತ್ತಿತ್ತೋ! ಓಬಯ್ಯನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಲೈಸೆನ್ಸು ಕಿತ್ತುಕೊಂಡರು. ಎಂಟು ದಿನ ಬಿಟ್ಟು ಚಿತ್ರದುರ್ಗದಲ್ಲಿ ಮೋಟಾರು ಇನ್ಸ್‌ಪೆಕ್ಟರ ಮುಂದೆ ವಿಚಾರಣೆ.

"ಗಾಳಿ ಮುಳ್ಳು ಹೇಗಿತ್ತು?" ಎಂದು ಅಲ್ಲಿಗೆ ಬಂದ ಪೊಲೀಸರು ಕೇಳಿದ್ದಕ್ಕೆ ಓಬಯ್ಯನೇ "ಸರಿಯಾಗಿತ್ತು" ಎಂದು ಬರೆಸಿದ್ದ. ಮುಳ್ಳು ಸರಿ ಎಂದರೆ ಗಾಳಿ ಸರಿ, ಗಾಳಿ ಸರಿ ಎಂದರೆ ಬ್ರೇಕು ಸರಿ. ಉಳಿದ ತಪ್ಪು ಇನ್ನಾರದು?

ಲಾರಿಯನ್ನು ಎಳೆದು ಗ್ಯಾರೇಜಿಗೆ ತಂದರು. ಚಿತ್ತಯ್ಯ ಕೆಳಗೆ ನುಸುಳಿ ನೋಡಿದ. ಮಾರನೆಯ ದಿನ ಭಾನುವಾರ, ಬೆಳಗ್ಗೆಯೇ ನನ್ನ ಮನೆಗೆ ಬಂದ.

"ಹಿಂದಿನ ಪೈಪು ಸೀಳೈತೆ ಮೇಷ್ಟ್ರೇ. ಗೇಟಿಗೆ ಗುದ್ದಿ ಸೀಳಿದ್ದಲ್ಲ. ಸೀಳಿನೊಳಗೆ ಧೂಳು ಕೂತು ಗಟ್ಟಿಯಾಗೈತೆ. ನಾಕೈದು ದಿನದ್ದು. ವಾಲ್ವು ಆವತ್ತೇ ಮುಚ್ಚಿಕಂಡೈತೆ. ಭಾವ ಅರ್ಧ ಬ್ರೇಕಿನಾಗೇ ಓಡಿಸ್ಯಾನೆ. ಅವನಿಗೆ ಗೊತ್ತೇ ಇಲ್ಲ."

ಈಗ ನನಗೂ ಹೊಳೆಯಿತು. ವಾಲ್ವು ಇಲ್ಲದಿದ್ದರೆ ಆ ಪೈಪು ಸೀಳಿದ ದಿನವೇ ಮುಳ್ಳು ಇಳಿಯುತ್ತಿತ್ತು, ಓಬಯ್ಯ ಲಾರಿ ನಿಲ್ಲಿಸುತ್ತಿದ್ದ. ಬ್ರೇಕು ಸ್ವಲ್ಪ ಸಡಿಲ ಎಂದು ಅವನಿಗೆ ಅನಿಸಿರಬೇಕು. ಮುಳ್ಳು ನೋಡಿ ಸಮಾಧಾನ ಮಾಡಿಕೊಂಡಿರಬೇಕು. ಸಮ ರಸ್ತೆಯಲ್ಲಿ ಮುಂದಿನ ಗಾಲಿಗಳ ಬ್ರೇಕೇ ಸಾಕಾಗಿತ್ತು, ತುಂಬಿದ ಲಾರಿಗೆ ಇಳಿಜಾರಿನಲ್ಲಿ ಸಾಲಲಿಲ್ಲ.

ಅದೇ ವಾರ ಪೇಟೆಂಟ್ ಆಫೀಸಿನಿಂದ ಪತ್ರ ಬಂದಿತ್ತು. ಅರ್ಜಿ ಪರಿಶೀಲನೆಯಲ್ಲಿದೆ, ಇನ್ನೊಂದು ಚಿತ್ರ ಕಳಿಸಿ ಎಂದು. ನಾನು ಆ ಚಿತ್ರವನ್ನು ಆಗಲೇ ಅರ್ಧ ಬರೆದಿದ್ದೆ. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಯಾರಿಗೂ ಹೇಳಬೇಡ. ಲೈಸೆನ್ಸು ಹೋದರೆ ಆರು ತಿಂಗಳಿಗೆ ವಾಪಸ್ ಬರುತ್ತೆ. ನಿನ್ನ ವಾಲ್ವು ಹೋದರೆ ಹೋಯ್ತು. ಆರು ವರ್ಷದ ಕೆಲಸ ಕಣೋ," ಎಂದೆ.

ಚಿತ್ತಯ್ಯ ಎದ್ದು ಅಕ್ಕನ ಮನೆಗೆ ಹೊರಟ. ನಾನೂ ಹಿಂದೆಯೇ ಹೋದೆ.

ಓಬಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ನಮ್ಮನ್ನು ನೋಡಿಯೂ ನೋಡದವನಂತಿದ್ದ. ಗಂಗಕ್ಕ "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಒಳಗೆ ಚಾಪೆ ಹಾಕಿ ದನಿ ತಗ್ಗಿಸಿದಳು.

"ಮುದ್ದೆ ಮುಟ್ಟಲ್ಲ. ಬಲಗಾಲನ್ನೇ ನೋಡ್ಕಂಡು ಕುಂತಿರ್ತಾರೆ. ಈ ಕಾಲು ಯಾವಾಗ ಬ್ರೇಕು ತುಳೀತೋ ನಂಗೆ ನೆಪ್ಪಿಲ್ಲ, ತೂಕಡಿಸಿದ್ನೋ ಏನೋ ಅಂತಾರೆ. ರೈಲಿನಾಗೆ ಎಷ್ಟು ಜನ ಇದ್ರೋ ಅಂತ ಕೇಳ್ತಾರೆ. ಲೈಸೆನ್ಸು ಕೊಟ್ರೂ ಇನ್ನು ಸ್ಟೇರಿಂಗ್ ಮುಟ್ಟಲ್ವಂತೆ. ಹಟ್ಟಿಗೆ ಹೋಗಿ ಕುರಿ ಕಾಯ್ತಾರಂತೆ, ಈ ವಯಸ್ನಾಗೆ."

ಅವಳು ತಮ್ಮನ ಮೇಲೆ ಒಂದು ಮಾತೂ ಆಡಲಿಲ್ಲ. ಅವಳಿಗೆ ಅನುಮಾನವೂ ಇರಲಿಲ್ಲ. ಚಿತ್ತಯ್ಯ ಚಹಾ ಮುಟ್ಟದೆ ಎದ್ದ.

"ಅಕ್ಕಾ, ವಿಚಾರಣೆ ದಿನ ಭಾವನ ಜತೆ ದುರ್ಗಕ್ಕೆ ನಾನೂ ಹೋಗ್ತೀನಿ. ಗ್ಯಾರೇಜಿನ ಜೀಪಿನಾಗೇ ಕರ್ಕಂಡು ಹೋಗ್ತೀನಿ."

ಆ ದಿನ ನಾನೂ ಜೀಪು ಹತ್ತಿದೆ. ಓಬಯ್ಯ ಮುಂದೆ ಕೂರು ಎಂದರೆ ಕೇಳಲಿಲ್ಲ. ಹಿಂದುಗಡೆ, ಗೋಣಿತಾಟು ಮುಚ್ಚಿದ ಯಾವುದೋ ಸಾಮಾನಿನ ಪಕ್ಕ ಮುದುರಿ ಕೂತ. ಆ ಸಾಮಾನು ಏನೆಂದು ಅವನು ಕೇಳಲೂ ಇಲ್ಲ.

ಇನ್ಸ್‌ಪೆಕ್ಟರು ಕಾಗದ ಓದಿ, "ಮುಳ್ಳು ಸರಿ ಇತ್ತು ಅಂತ ನೀನೇ ಬರೆಸಿದ್ದೀಯ. ಇನ್ನೇನು ಹೇಳೋದಿದೆ?" ಎಂದರು. ಓಬಯ್ಯ ತಲೆ ತಗ್ಗಿಸಿ "ಏನೂ ಇಲ್ಲ ಸ್ವಾಮಿ" ಎಂದ.

"ನಂದೈತೆ" ಎಂದು ಚಿತ್ತಯ್ಯ ಮುಂದೆ ಬಂದ.

ಗೋಣಿತಾಟಿನ ಕೆಳಗಿದ್ದದ್ದು ಗಾಳಿ ತುಂಬಿದ ಟ್ಯಾಂಕು, ಮುಳ್ಳು ಮತ್ತು ಅವನ ವಾಲ್ವು. ಅದನ್ನು ಮೇಜಿನ ಪಕ್ಕ ಇಟ್ಟು, ಒಂದು ಪೈಪಿನ ತುದಿಯನ್ನು ಕಟ್ಟಡದ ಹಿಂದಿನ ಅಂಗಳದವರೆಗೆ ಎಳೆದುಕೊಂಡು ಹೋದ. "ಸ್ವಾಮಿ, ಮುಳ್ಳು ನೋಡ್ತಾ ಇರ್ರಿ" ಎಂದು ಅಲ್ಲಿಂದಲೇ ಕೂಗಿದ. ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಬಂದ.

"ಏನು ಮಾಡ್ದೆ?" ಇನ್ಸ್‌ಪೆಕ್ಟರು ಕೇಳಿದರು.

"ಪೈಪು ಕತ್ತರಿಸ್ದೆ. ಹಿಂದಿನ ಗಾಲಿ ಬ್ರೇಕು ಹೋಯ್ತು. ನಿಮಗೆ ಗೊತ್ತಾಯ್ತಾ ಸ್ವಾಮಿ?"

ಅವರು ಮುಳ್ಳನ್ನು ನೋಡಿದರು. ಅದು ಇದ್ದಲ್ಲೇ ಇತ್ತು. "ಇಲ್ಲ" ಎಂದರು.

"ನಮ್ ಭಾವಂಗೂ ಗೊತ್ತಾಗ್ಲಿಲ್ಲ. ಕುರಿ ಬೆದರಬಾರ್ದು ಅಂತ ಸದ್ದು ಮಾಡದೆ ತಡಿಕೆ ಇಳಿಸೋರು ನಾವು. ಡ್ರೈವರಿಗೂ ಹಂಗೇ ಮಾಡ್ಬಿಟ್ಟೆ. ಮುಚ್ಚಿಕಂಡಾಗ ವಾಲ್ವು ಹೇಳ್ಬೇಕಾಗಿತ್ತು, ಹೇಳೋ ಸದ್ದನ್ನೇ ತೆಗೆದುಬಿಟ್ಟೆ. ತಪ್ಪು ನಂದು."

ಆಮೇಲೆ ಸೀಳಿದ ಹಳೇ ಪೈಪಿನ ತುಂಡನ್ನು ಮೇಜಿನ ಮೇಲಿಟ್ಟ. ಇನ್ಸ್‌ಪೆಕ್ಟರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಧೂಳು ಕೆರೆದು ನೋಡಿದರು. ಆ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಓಬಯ್ಯನ ಲೈಸೆನ್ಸು ವಾಪಸ್ ಕೊಟ್ಟರು. ಅಪ್ಪಣೆಯಿಲ್ಲದೆ ವಾಲ್ವು ಹಾಕಿದ್ದಕ್ಕೆ ಚಿತ್ತಯ್ಯನ ಮೇಲೆ ಕೇಸು ಬರೆದರು. ಇನ್ನು ಮುಂದೆ ಯಾವ ಗಾಡಿಯ ಬ್ರೇಕಿಗೂ ಅವನು ಕೈ ಹಾಕುವಂತಿಲ್ಲ ಎಂದು ಸಹಿ ಮಾಡಿಸಿಕೊಂಡರು. ಪೇಟೆಂಟ್ ಅರ್ಜಿ ಹಿಂದಕ್ಕೆ ಪಡೆಯುವ ಕಾಗದವನ್ನು ಅಲ್ಲೇ ಬೆಂಚಿನ ಮೇಲೆ ಕೂತು ಚಿತ್ತಯ್ಯ ನನ್ನಿಂದ ಬರೆಸಿದ. ಅದರ ಕೆಳಗೆ ಅವನೇ ಸಹಿ ಹಾಕಿದ.

ಹೊರಗೆ ಜೀಪಿನ ಹತ್ತಿರ ಬಂದೆವು. ಓಬಯ್ಯ ತಟ್ಟನೆ ತಿರುಗಿ ಚಿತ್ತಯ್ಯನ ಕೆನ್ನೆಗೆ ಒಂದೇಟು ಬಿಗಿದ. ನಾನು ನಡುವೆ ಹೋಗುವಷ್ಟರಲ್ಲಿ ಓಬಯ್ಯ ಅವನದೇ ಹೆಗಲು ಹಿಡಿದುಕೊಂಡು ಗೊಳೋ ಎಂದು ಅಳುತ್ತಿದ್ದ.

"ಎಂಟು ದಿನ ಕಣಲೇ! ಎಂಟು ದಿನ ಒಂದು ರೈಲು ಜನಾನ ಕೊಲ್ಲಾಕೆ ಹೋದೋನು ನಾನು ಅಂದ್ಕಂಡಿದ್ದೆ. ನೀನು ಹೇಳದೆ ಇದ್ದಿದ್ರೆ ಅಂಗೇ ಅಂದ್ಕಂಡು ಸಾಯ್ತಿದ್ದೆ."

ಚಿತ್ತಯ್ಯ ಅಳಲಿಲ್ಲ. "ಸಿಟ್ಟು ತೀರಿದ್ರೆ ಜೀಪು ಹತ್ತು ಭಾವ, ಅಕ್ಕ ಕಾಯ್ತಿರ್ತಾಳೆ" ಎಂದು ಸ್ಟೇರಿಂಗಿನ ಕಡೆಗೆ ನಡೆದ.

ಓಬಯ್ಯ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ಅವನಿಗೆ ಅಡ್ಡ ನಿಂತು ಕೈ ಚಾಚಿದ.

"ಕೀ ಇಲ್ಲಿ ಕೊಡು," ಎಂದ.