ಡ್ರೈವಿಗೆ ಜ್ವರ, ಅತ್ತೆಗೆ ಡ್ಯೂಟಿ

ಎಲ್ಲಿಂದ ಶುರು ಮಾಡಲಿ? ಹಾರ್ಡ್ ಡ್ರೈವ್ ಬಿಸಿಯಾಯಿತು ಎಂದು ಶುರು ಮಾಡಿದರೆ ಅರ್ಧ ಜನ ಪುಟ ಮಗುಚುತ್ತಾರೆ. ಅತ್ತೆ ಸೊಸೆ ಜಗಳ ಎಂದರೆ ಉಳಿದರ್ಧ ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಾನು ಆಸೆಬುರುಕ, ಎರಡನ್ನೂ ಸೇರಿಸಿದ್ದೇನೆ.

೧. (ಮೊದಲ ಡ್ರಾಫ್ಟ್. ಹರಿದು ಹಾಕಿದ್ದು.)

ಅತ್ತೆ ಹೆರಿಗೆ ವಾರ್ಡಿನಲ್ಲಿ ಮೂವತ್ತೆರಡು ವರ್ಷ ದುಡಿದು ಈಗಷ್ಟೇ ನಿವೃತ್ತರಾದ ನರ್ಸ್. ಸೊಸೆ ಸಿನಿಮಾ ಎಡಿಟರ್. ಅತ್ತೆಯ ಕೊನೆಯ ವರ್ಷವನ್ನು ಕ್ಯಾಮೆರಾದಲ್ಲಿ ಹಿಡಿದು ಸಾಕ್ಷ್ಯಚಿತ್ರ ಮಾಡಿದ್ದಾಳೆ. ಮೆಮೊರಿ ಕಾರ್ಡುಗಳನ್ನು ಅಳಿಸಿ ಅಳಿಸಿ ಮತ್ತೆ ಬಳಸಿದ್ದರಿಂದ ಇಡೀ ವರ್ಷ ಇರುವುದು ಅಂಗೈಯಗಲದ ಒಂದೇ ಡ್ರೈವಿನಲ್ಲಿ. ಇವತ್ತು ಸಂಜೆ ಐದಕ್ಕೆ ಚಿತ್ರೋತ್ಸವದವರು ಇದರ ಪ್ರತಿ ಒಯ್ಯಲು ಬರುತ್ತಾರೆ. ಅಷ್ಟರೊಳಗೆ ಎಲ್ಲವೂ ಇನ್ನೊಂದು ಡ್ರೈವಿಗೆ ಕಾಪಿ ಆಗಬೇಕು. ಬೆಳಿಗ್ಗೆಯಿಂದ ಬಿಡುವಿಲ್ಲದೆ ಓಡಿದ ಡ್ರೈವ್ ಹನ್ನೊಂದಕ್ಕೆ ಕಾದು ಕೆಂಡವಾಗಿ, ತಾನಾಗಿಯೇ ಲ್ಯಾಪ್‌ಟಾಪಿನ ಸಂಗ ಬಿಟ್ಟಿತು. ಯಾಕೆಂದರೆ ಅತ್ತೆ ಅದಕ್ಕೊಂದು ಉಣ್ಣೆಯ ಕವಚ ಹೆಣೆದು ತೊಡಿಸಿದ್ದರು...

"ಏನ್ರೀ ಕಥೆಗಾರ್ರೇ," ಎಂದು ಅತ್ತೆ ನನ್ನ ವಾಕ್ಯಕ್ಕೇ ಅಡ್ಡ ಬಂದರು. "ಎಲ್ಲಾ ಕಥೇಲೂ ಅತ್ತೇನೇ ಯಾಕ್ರೀ ತಪ್ಪು ಮಾಡ್ಬೇಕು? ನಂಗೆ ಹೆಣಿಗೆ ಬರೋದೇ ಇಲ್ಲ. ಇದ್ದಿದ್ದು ಇದ್ದಂಗೆ ಬರೀರಿ."

ಇದ್ದದ್ದು ಇದ್ದ ಹಾಗೆ: ಧೂಳು ಕೂರಬಾರದೆಂದು ಡ್ರೈವನ್ನು ಮೆತ್ತನೆಯ ಚೀಲದೊಳಗಿಟ್ಟು, ಚೀಲದ ಸಮೇತ ಲ್ಯಾಪ್‌ಟಾಪ್ ಬಿಸಿಗಾಳಿ ಉಗುಳುವ ಕಡೆಗೇ ಒರಗಿಸಿದ್ದವಳು ಸೊಸೆ.

"ಈಗ ನನ್ನ ಮರ್ಯಾದೆ ತೆಗೀಬೇಕಿತ್ತಾ?" ಎಂದು ಸೊಸೆ ಮುಖ ಊದಿಸಿದಳು.

(ಕಥೆ ಬರೆಯುವವನ ಪಾಡು ನಾಯಿಗೂ ಬೇಡ.)

೨. ಗಾಬರಿಯಲ್ಲಿ ಸೊಸೆ ಫ್ರಿಜ್ಜಿನ ಕಡೆ ಓಡಿದಳು. "ಐಸ್ ಇಟ್ಬಿಡ್ತೀನಿ ಅತ್ತೆ."

"ಇಟ್ಟು ನೋಡು, ಕೈ ಮುರೀತೀನಿ! ತೀರಾ ತಣ್ಣಗಾದ್ರೆ ಮೈಮೇಲೆ ನೀರು ಕೂರುತ್ತೆ ಕಣೆ. ಅದು ಒಳಗಿಳಿದ್ರೆ ಜ್ವರ ಬಿಡಲ್ಲ, ಜೀವಾನೇ ಬಿಡುತ್ತೆ. ಮೊದ್ಲು ಬಟ್ಟೆ ಬಿಚ್ಚು, ಗಾಳಿ ಆಡ್ಲಿ."

ಚೀಲ ಕಳಚಿತು. ಮೇಜಿಗೆ ಬೀಳುತ್ತಿದ್ದ ಬಿಸಿಲಿಗೆ ಪರದೆ ಎಳೆದರು. ಲ್ಯಾಪ್‌ಟಾಪನ್ನು ತಂತಿ ಬಿಟ್ಟಷ್ಟು ದೂರ ತಳ್ಳಿದರು. ಡ್ರೈವಿನ ಒಳಗಿನ ತಿರುಗಾಟ ಪೂರ್ತಿ ನಿಂತ ಮೇಲೆ ಅದನ್ನು ಅಡುಗೆಮನೆಯಿಂದ ತಂದ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು, ಎರಡೂ ಮಗ್ಗುಲಿಗೆ ಗಾಳಿ ಸಿಗಲೆಂದು. ಫ್ಯಾನು ಬೇರೆ ಸ್ಟೂಲಿನ ಮೇಲೆ, ಮೇಜು ನಡುಗಬಾರದಲ್ಲ.

ಆಮೇಲೆ ಅತ್ತೆ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೆರೆ ಎಳೆದು ಜ್ವರದ ಚಾರ್ಟ್ ಮಾಡಿದರು. ಕಾಲುಗಂಟೆಗೊಮ್ಮೆ ಮುಂಗೈ ತಿರುವಿ ಮುಟ್ಟಿ ನೋಡುವುದು, ಬರೆಯುವುದು. ಜ್ವರ ಇಳಿದ ಮೇಲೆ ಸೊಸೆ ಮತ್ತೆ ತಂತಿ ಸಿಕ್ಕಿಸಿದಳು.

"ಅಷ್ಟೂ ಒಂದೇ ಸಲ ತುರುಕ್ಬೇಡ. ಒಂದು ತಿಂಗಳಿಂದು ಹಾಕು, ಸುಧಾರಿಸ್ಕೊಳ್ಲಿ, ಆಮೇಲೆ ಇನ್ನೊಂದು."

ಸೊಸೆ ಹಾಗೇ ಮಾಡಿದಳು. ಚಾರ್ಟಿನಲ್ಲಿ ಅತ್ತೆಯ ಗುಂಡು ಅಕ್ಷರ: "ಮೂರನೇ ತಿಂಗಳು. ಬೆಚ್ಚಗಿದೆ. ಹತ್ತು ನಿಮಿಷ ವಿಶ್ರಾಂತಿ." "ಒಂಬತ್ತನೇ ತಿಂಗಳು. ಸುಖವಾಗಿ ಆಯಿತು."

ಹತ್ತನೆಯ ತಿಂಗಳಲ್ಲಿ ಕಾಪಿ ಒಂದು ಗಳಿಗೆ ನಿಂತ ಹಾಗಾಯಿತು. ಸೊಸೆಗೆ ಅಳುವೇ ಬಂತು. "ಹೋದ್ರೆ ಏನ್ಮಾಡ್ಲಿ ಅತ್ತೆ? ಒಂದು ವರ್ಷ!"

"ನಿಂಗೆ ಒಂದು ವರ್ಷ. ನಂಗೆ ಅದು ಕೊನೇ ವರ್ಷ ಕಣೆ. ನಂಗೂ ಭಯ ಇದೆ. ಭಯ ಅದರ ಪಾಡಿಗೆ ಇರ್ಲಿ, ಕೈ ತನ್ನ ಪಾಡಿಗೆ ಕೆಲಸ ಮಾಡ್ಲಿ."

(ಇಲ್ಲಿ ನಾನೊಂದು ತತ್ವ ಹೇಳಬೇಕೆಂದಿದ್ದೆ. ಅವರೇ ಹೇಳಿಬಿಟ್ಟರು.)

೩. ಈಗ ಅಂತ್ಯ. ಗಂಟೆ ಐದಾಗಲು ಇನ್ನು ಹತ್ತು ನಿಮಿಷ. ಹನ್ನೆರಡನೆಯ ತಿಂಗಳು, ಅಂದರೆ ಅತ್ತೆಯ ಬೀಳ್ಕೊಡುಗೆ ಇರುವ ತಿಂಗಳು, ಅರ್ಧ ದಾಟಿದೆ.

ಅ) ಡ್ರೈವ್ ಟಕ್ ಟಕ್ ಎಂದು ಸದ್ದು ಮಾಡಿ ಸಾಯುತ್ತದೆ. (ದುರಂತಕ್ಕೆ ವಿಮರ್ಶಕರು ತಲೆದೂಗುತ್ತಾರೆ. ನನಗೂ ಒಳಗೊಳಗೇ ಇದೇ ಆಸೆ.)

ಆ) ಕಾಪಿ ಮುಗಿಯುತ್ತದೆ, ಅತ್ತೆ ಸೊಸೆ ತಬ್ಬಿಕೊಳ್ಳುತ್ತಾರೆ. (ಓದುಗರು ಹಾಯಾಗಿ ನಿದ್ದೆ ಮಾಡುತ್ತಾರೆ.)

'ಅ' ಎಂದು ಬರೆಯಲು ಕೈ ಎತ್ತಿದೆ, ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಅತ್ತೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು.

"ಉಸಿರಾಡ್ತಿರೋ ಪೇಷಂಟಿನ ಚಾರ್ಟಲ್ಲಿ ಕೊನೇ ಸಾಲು ಬರೀತೀರಾ? ನನ್ನ ವಾರ್ಡಲ್ಲಿ ಅಂಥೋರನ್ನ ಆಚೆ ಕಳಿಸ್ತಿದ್ದೆ. ಏಳಿ ಮೇಲೆ! ಬಂದೋರನ್ನ ಮಾತಾಡಿಸ್ತಾ ಇರಿ. ಕಥೆ ಹೊಡೆಯೋದು ಗೊತ್ತಲ್ಲ ನಿಮ್ಗೆ?"

ಎದ್ದು ಬಂದೆ. ಹಿಂದೆ ಬಾಗಿಲು ಹಾಕಿಕೊಂಡಿತು. ನನ್ನ ಕಥೆಯಿಂದ ನನ್ನನ್ನೇ ಹೊರಗೆ ಹಾಕಿದರು ಎಂದು ಕೋಪ ಬರಬೇಕಿತ್ತು. ಬಂದದ್ದು ಬರೀ ಒಂದು ಆಸೆ: ಉಳಿಯಲಿ, ದೇವರೇ, ಅದು ಉಳಿಯಲಿ. ವಿಮರ್ಶಕರು ಹಾಳಾಗಿ ಹೋಗಲಿ.

ಚಿತ್ರೋತ್ಸವದವರು "ಆಯ್ತಾ?" ಎನ್ನುತ್ತಾರೆ. "ಇನ್ನೇನು, ಆಗ್ತಾ ಇದೆ," ಎನ್ನುತ್ತೇನೆ. ಹೆರಿಗೆ ಕೋಣೆಯ ಹೊರಗಿನ ಗಂಡಸರ ಹಾಗೆ ಅವರೂ ನಾನೂ ಶತಪಥ ಹಾಕುತ್ತಿದ್ದೇವೆ. ಒಳಗಿಂದ ಈಗಷ್ಟೇ ಸೊಸೆ "ಅಯ್ಯೋ ಅತ್ತೆ!" ಎಂದು ಕೂಗಿದಳು. ನಗುತ್ತ ಕೂಗಿದಳೋ ಅಳುತ್ತಲೋ? ಬಾಗಿಲಿಗೆ ಕಿವಿ ಕೊಟ್ಟಿದ್ದೇನೆ. ನೀವು ಒಂಚೂರು ಸುಮ್ಮನಿರಿ, ಏನೂ ಕೇಳಿಸುತ್ತಿಲ್ಲ.