ಆರನೇ ದಿನದ ಮಡಿಕೆ

“ಇನ್ನೊಂದು ಸಲ ತೆಗಿ. ಒಳಗಿರೋದು ಅಲ್ಲಾಡಿರಬೇಕು,” ಎಂದರು ಮೇಡಂ.

ಅದು ಅಲ್ಲಾಡಿರಲಿಲ್ಲ. ಶಿಷ್ಯೆಗೆ ಗೊತ್ತಿತ್ತು, ಎಂ.ಆರ್.ಐ. ಯಂತ್ರ ನಡೆಸುವ ಆಪರೇಟರನಿಗೂ ಗೊತ್ತಿತ್ತು. ಚಿಪ್ಪಿನೊಳಗಿನ ಕೋಳಿಮರಿ ಕೈಕಾಲು ಆಡಿಸಿ ಚಿತ್ರ ಕೆಡಿಸದಿರಲೆಂದೇ ಮೊಟ್ಟೆಯನ್ನು ತಂಪಿನಲ್ಲಿಟ್ಟು, ಮರಿಗೆ ಜೋಂಪು ಹತ್ತಿದ ಮೇಲೆ ಸ್ಪಂಜಿನ ತೊಟ್ಟಿಲಲ್ಲಿ ಬಿಗಿಯಾಗಿ ಕೂರಿಸಿ ಆಯಸ್ಕಾಂತದ ಸುರಂಗದೊಳಕ್ಕೆ ತಳ್ಳಿದ್ದರು. ಕೆಲಸ ಮುಗಿದು ಬೆಚ್ಚಗಿನ ಪೆಟ್ಟಿಗೆಗೆ ಮರಳಿದರೆ ಅದು ಏನೂ ಆಗಿಲ್ಲವೆಂಬಂತೆ ಬೆಳೆಯುತ್ತದೆ. ಆಪರೇಟರ್ ಶಿಷ್ಯೆಯ ಮುಖ ನೋಡಿದ. ಶಿಷ್ಯೆ ನೆಲ ನೋಡಿದಳು. ಗಾಜಿನಾಚೆ ಯಂತ್ರ ಮತ್ತೆ ಟಕಟಕ ಕುಟ್ಟತೊಡಗಿತು.

“ನಿನ್ನ ಮೆಷಿನ್ನಿಗೆ ವಯಸ್ಸಾಗಿದೆಯೇನಯ್ಯಾ?”

“ನಮ್ಮಿಬ್ಬರಿಗಿಂತ ಚಿಕ್ಕದು ಮೇಡಂ,” ಎಂದ ಆಪರೇಟರ್.

“ಹಾಗಾದ್ರೆ ಅನುಭವ ಸಾಲದು.”

ಮೇಡಂ ಬಂದಿದ್ದು ತಮ್ಮ ಮಡಿಕೆಯನ್ನು ನೋಡಲು. ಮೊಟ್ಟೆಯಲ್ಲಿ ಬೆಳೆಯುವ ಮರಿಯ ಕಣ್ಣಿನ ಹಿಂಗೋಡೆಯಲ್ಲಿ ಆರನೇ ದಿನ ಒಂದು ಸಣ್ಣ ಮಡಿಕೆ ಮೂಡಿ, ಎಂಟನೇ ದಿನಕ್ಕೆ ನೆಟ್ಟಗಾಗುತ್ತದೆ ಎಂದು ಅವರು ಹರೆಯದಲ್ಲಿ ಕಂಡುಹಿಡಿದಿದ್ದರು. ಜಗತ್ತು ಬೆಚ್ಚಿಬೀಳುವ ಸಂಗತಿಯೇನಲ್ಲ. ಆದರೂ ಅದು ಪಠ್ಯಪುಸ್ತಕ ಹೊಕ್ಕಿತು, ಅವರ ಹೆಸರಿನಲ್ಲೇ ಉಳಿಯಿತು. ಕಾಲೇಜಿನಲ್ಲಿ ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಬಂದವರಿಗೆಲ್ಲ ‘ಬೆನ್ನಲ್ಲಿ ಮೇಡಂ ಮಡಿಕೆ ಎದ್ದಿದೆ’ ಎನ್ನುವುದು ರೂಢಿಯಾಯಿತು. ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಅಮರತ್ವ ಸಿಗುವುದು ಕೆಲವರಿಗಷ್ಟೇ.

ಆಗೆಲ್ಲ ಮರಿಯನ್ನು ಹೊರತೆಗೆದು, ಆಲ್ಕೋಹಾಲಿನಲ್ಲಿ ಅದ್ದಿ, ಮೇಣದಲ್ಲಿ ಹುಗಿದು, ಕೂದಲಿಗಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಡಬೇಕಿತ್ತು. ಈಗ ಕೊಯ್ಯುವುದೇ ಬೇಡ. ಆಯಸ್ಕಾಂತ ಮೈಯೊಳಗಿನ ನೀರನ್ನು ಓದಿಕೊಂಡು, ಚಿಪ್ಪು ಒಡೆಯದೆ ಕಣ್ಣನ್ನು ತೋರಿಸಿಬಿಡುತ್ತದೆ. ಬದುಕಿರುವ ಮರಿಯಲ್ಲೇ ಮಡಿಕೆಯ ಚಿತ್ರ ತೆಗೆದು, ಮೇಡಂ ಅವರ ಎಪ್ಪತ್ತೈದರ ಹುಟ್ಟುಹಬ್ಬಕ್ಕೆ ತರುತ್ತಿದ್ದ ಗೌರವ ಸಂಪುಟಕ್ಕೆ ಕೊಡಬೇಕೆಂದು ಶಿಷ್ಯೆಗೆ ಆಸೆ. ಮೊದಲ ಮೊಟ್ಟೆಯಲ್ಲಿ ಮಡಿಕೆ ಕಾಣಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೊದಲ ಟ್ರೇ ಖಾಲಿಯಾಗುವ ಹೊತ್ತಿಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೇಡಂ ಫೋನು ಮಾಡಿದಾಗಲೆಲ್ಲ ಬಿಸಿಲು ಜಾಸ್ತಿ, ಲಿಫ್ಟು ಕೆಟ್ಟಿದೆ, ಮೊಟ್ಟೆ ಬಂದಿಲ್ಲ ಎಂದು ದಿನ ತಳ್ಳಿದಳು. ಇವತ್ತು ಅವರು ಹೇಳದೆ ಕೇಳದೆ, ಕೆಟ್ಟಿರದ ಲಿಫ್ಟಿನಲ್ಲಿ ಮೇಲೆ ಬಂದು ನಿಂತಿದ್ದರು.

ಯಂತ್ರ ನಿಂತಿತು. ತೆರೆಯ ಮೇಲೆ ಕಣ್ಣು ಮೂಡಿತು. ಆ ವಯಸ್ಸಿನ ಮರಿಯೆಂದರೆ ಎರಡು ಕಣ್ಣು, ಅವನ್ನು ಹೊರಲು ಒಂದಿಷ್ಟು ಮೈ. ನಡುವೆ ಬೆಳ್ಳಗೆ ನೀರು, ಮುಂದೆ ಕಪ್ಪು ಕಾಳಿನಂಥ ಲೆನ್ಸು, ಹಿಂದೆ ಗೋಡೆ. ಗೋಡೆ ಎಲ್ಲೂ ಮುಗ್ಗರಿಸದೆ ಒಂದೇ ಗೆರೆಯಲ್ಲಿ ದುಂಡಗೆ ಸುತ್ತಿ ಬಂದಿತ್ತು.

“ಬೇರೆ ಮೊಟ್ಟೆ ಇಡು.”

“ಎಲ್ಲಾ ನೋಡಿ ಆಯ್ತು ಮೇಡಂ,” ಎಂದಳು ಶಿಷ್ಯೆ.

“ಎಲ್ಲಾ ಅಂದ್ರೆ?”

“ಬಂದ ಟ್ರೇಗಳೆಲ್ಲಾ.”

“ಯಾವಾಗಿಂದ?”

“ಬಿಸಿಲು ಜಾಸ್ತಿ ಅಂದಿದ್ನಲ್ಲ, ಆವತ್ತಿಂದ.”

ಮೇಡಂ ತೆರೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಮಡಿಕೆ ಇರಬೇಕಾಗಿದ್ದ ಜಾಗದ ಮೇಲೆ ಬೆರಳಿಟ್ಟು, ಗಾಜಿನ ಮೇಲೆ ಧೂಳೇನಾದರೂ ಇದೆಯೇ ಎಂಬಂತೆ ಉಜ್ಜಿದರು.

“ಆಲ್ಕೋಹಾಲು,” ಎಂದರು ಕೊನೆಗೆ.

ಶಿಷ್ಯೆ ತಲೆಯಾಡಿಸಿದಳು. “ನೀರು ಎಳಕೊಳ್ಳುತ್ತೆ. ಹೊರಗಿನ ಪದರ ಬೇಗ ಕುಗ್ಗುತ್ತೆ, ಒಳಗಿಂದು ನಿಧಾನ. ಜಾಗ ಸಾಲದೆ ಮಡಚಿಕೊಳ್ಳುತ್ತೆ. ಎಂಟನೇ ದಿನಕ್ಕೆ ಗೋಡೆ ಗಟ್ಟಿಯಾಗಿರುತ್ತಲ್ಲ, ಅದಕ್ಕೆ ಆಮೇಲೆ ಮಡಚಲ್ಲ. ಒಂದು ಮರೀನ ಚಿತ್ರ ತೆಗೆದಾದ್ಮೇಲೆ ಆಲ್ಕೋಹಾಲಲ್ಲಿ ಇಟ್ಟು ಮತ್ತೆ ತೆಗೆದೆ ಮೇಡಂ. ಬಂತು. ಪುಸ್ತಕದಲ್ಲಿ ಇದ್ದ ಹಾಗೇ.”

“ಅಂದ್ರೆ ಮಡಿಕೆ ಕಣ್ಣಿಂದಲ್ಲ. ಬಾಟ್ಲಿದು.”

“ಆ ಕಾಲದಲ್ಲಿ ಯಾರೇ ಆಗಿದ್ರೂ ಅದನ್ನೇ ನೋಡ್ತಿದ್ರು ಮೇಡಂ. ಇನ್ನೊಂದು ಥರ ಕಾಣೋಕೆ ದಾರೀನೇ ಇರ್ಲಿಲ್ಲ.”

“ಒಬ್ಬರಿಗೆ ಕಂಡಿತ್ತು.”

ಯಾರೆಂದು ಶಿಷ್ಯೆ ಕೇಳಬೇಕಾಗಿರಲಿಲ್ಲ. ಮೇಡಂ ಅವರ ಯಜಮಾನರು ಅದೇ ವಿಭಾಗದ ಚಿತ್ರಕಾರರಾಗಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಪ್ರಬಂಧಕ್ಕೆಂದು ಕೋಳಿಮರಿಯ ಕಣ್ಣು ಬರೆದುಕೊಟ್ಟರು. ಗಾಜಿನ ಪಟ್ಟಿಯ ಮೇಲಿನ ಕೊಯ್ದ ತುಂಡನ್ನು ನೋಡಿ ಬರೆದಿರಲಿಲ್ಲ. ಆಗಷ್ಟೇ ಒಡೆದ ಮೊಟ್ಟೆಯನ್ನು ನೋಡಿ ಬರೆದಿದ್ದರು. ಅದರಲ್ಲಿ ಮಡಿಕೆ ಇರಲಿಲ್ಲ. “ಕಣ್ಣು ಬರೀರಿ ಅಂದ್ರೆ ಗೋಲಿ ಬರೆದಿದೀರಲ್ಲ,” ಎಂದರು ಮೇಡಂ, ಎಲ್ಲರೂ ಚಹಾ ಕುಡಿಯುತ್ತಿದ್ದ ಕೋಣೆಯಲ್ಲಿ. ಅಂದಿನಿಂದ ಅವರು ಗೋಲಿ ಸರ್. ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಅವರ ನಿಜವಾದ ಹೆಸರು ಗೊತ್ತಾಗಿದ್ದು ಅವರು ತೀರಿಕೊಂಡಾಗ, ಸೂಚನಾಫಲಕದಲ್ಲಿ. ಸಂತಾಪ ಸಭೆಯಲ್ಲೂ ಮೇಡಂ ಈ ಕಥೆಯನ್ನೇ ಹೇಳಿದ್ದರು. ಜನ ಕಣ್ಣೊರೆಸಿಕೊಳ್ಳುತ್ತ ನಕ್ಕಿದ್ದರು. ಒಳ್ಳೆಯ ಭಾಷಣ ಎಂದು ಶಿಷ್ಯೆಯೇ ಆಮೇಲೆ ಕೈ ಹಿಡಿದು ಹೇಳಿದ್ದಳು.

“ಬೆಚ್ಚಗಿನ ಉಪ್ಪುನೀರಲ್ಲಿ ಮರೀನ ಇಟ್ಟು ಬರೆದಿದ್ರು,” ಎಂದರು ಮೇಡಂ. “ಎದೆ ಬಡಿತಾ ಇರೋವಾಗ್ಲೇ. ಬಡಿತ ನಿಲ್ಲೋಕೆ ಮುಂಚೆ ಮುಗೀಬೇಕು ಅಂತ ಊಟ ಬಿಟ್ಟು ಕೂತಿದ್ರು. ಬಡಿತಾ ಇರೋದನ್ನ ಅಳೆಯೋಕಾಗಲ್ಲ, ಅದು ವಿಜ್ಞಾನ ಅಲ್ಲ, ಅಂದೆ.”

ಆಪರೇಟರ್ ಎದ್ದು, ಮೊಟ್ಟೆಯನ್ನು ಬೆಚ್ಚಗಿಡಬೇಕೆಂದು ಯಾರಿಗೆಂದಿಲ್ಲದೆ ಹೇಳಿ ಹೊರಗೆ ಹೋದ.

“ಆಮೇಲೆ ಚಿತ್ರ ಬೇಕು ಅಂದಾಗ್ಲೆಲ್ಲ ಪೆನ್ಸಿಲ್ ಚೂಪು ಮಾಡ್ಕೊಂಡು ಕೇಳೋರು, ‘ಇವತ್ತು ಏನು ಕಾಣಬೇಕು?’ ಅಂತ. ನಾನು ತಮಾಷೆ ಅಂದ್ಕೊಂಡಿದ್ದೆ.”

“ತಮಾಷೆಗೇ ಇರಬೇಕು ಮೇಡಂ. ಸರ್ ಎಲ್ಲದಕ್ಕೂ ನಗ್ತಿದ್ರಲ್ಲ.”

“ನಗ್ತಿದ್ರು. ಗೋಲಿ ಅಂದ್ರೆ ಓ ಅಂತಿದ್ರು. ಆಸ್ಪತ್ರೆಲೂ ಹಾಗೇ ಕರೆದೆ. ಕೊನೇ ಸಲ ಅವರು ಓ ಅಂದಿದ್ದು ಅದಕ್ಕೇ.”

ಶಿಷ್ಯೆ ಕೆಲಸದ ಮಾತಿಗೆ ಬಂದಳು. “ಇದನ್ನ ಸಂಪುಟಕ್ಕೆ ಕೊಡಲ್ಲ ಮೇಡಂ. ಬೇರೆ ಏನಾದ್ರೂ ಬರೀತೀನಿ.”

“ಕೊಡು. ಮಡಿಕೆ ಇಲ್ಲ ಅಂತ ನೇರವಾಗಿ ಬರಿ. ಇರಬಹುದು, ಇಲ್ಲದೇನೂ ಇರಬಹುದು ಅಂತ ನನ್ನ ಮರ್ಯಾದೆಗೆ ಕೊಡೆ ಹಿಡೀಬೇಡ. ಇಲ್ಲ ಅಂತ ಮೊದಲು ನೋಡಿದ್ದು ಯಾರು ಅಂತಾನೂ ಬರಿ.”

“ಹಾಗಾದ್ರೆ ಸರ್ ಬರೆದ ಚಿತ್ರ ಕೊಡಿ ಮೇಡಂ. ಪಕ್ಕದಲ್ಲೇ ಹಾಕಿಸೋಣ. ಎಲ್ಲಿಟ್ಟಿದೀರಿ?”

ಮೇಡಂ ತೆರೆಯ ಕಡೆಯಿಂದ ಕುರ್ಚಿ ತಿರುಗಿಸಿಕೊಂಡರು.

“ದಪ್ಪ ಕಾಗದ, ಒಳ್ಳೇದಾಗಿತ್ತು,” ಎಂದರು. “ಹಿಂದುಗಡೆ ಖಾಲಿ ಇದೆಯಲ್ಲ ಅಂತ ಆ ವರ್ಷದ ಪ್ರಶ್ನೆಪತ್ರಿಕೆ ಬರೆದೆ. ಅವರು ಬರೆದಿದ್ದ ಮೂರೂ ಹಾಳೆ ಮುಗೀತು. ಪರೀಕ್ಷೆ ಆದ್ಮೇಲೆ ಕೈಬರಹದ ಪ್ರತೀನ ಸುಡಬೇಕು ಅಂತ ನಿಯಮ ಇತ್ತು. ಬೇರೆಯವರು ಕಪಾಟಲ್ಲಿ ಎಸೆದು ಸುಮ್ಮನಾಗ್ತಿದ್ರು. ನಾನು ಸುಟ್ಟೆ. ಇವರೇ ಬೆಂಕಿಪೊಟ್ಟಣ ಕೊಟ್ರು.”

“ಸರ್ ಏನೂ ಅನ್ಲಿಲ್ವಾ?”

“ಕೈ ಜೋಪಾನ ಅಂದ್ರು.”

ಅವರು ಪ್ರಿಂಟರಿನ ತಟ್ಟೆಯಿಂದ ಒಂದು ಹಾಳೆ ಎಳೆದುಕೊಂಡರು. ಮೇಜಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡರು.

“ಕಂಪ್ಯೂಟರಿನಿಂದಲೇ ಪ್ರಿಂಟ್ ತೆಗೆದುಕೊಡ್ತೀನಿ ಮೇಡಂ.”

“ಇದನ್ನಲ್ಲ. ಅವರದ್ದು. ಹೇಗಿತ್ತು ಅಂತ ನನಗೆ ನೆನಪಿದೆ.”

ಲೆನ್ಸು ಚೆನ್ನಾಗಿಯೇ ಬಂತು. ಮುಂಗೋಡೆ ಬಂತು. ಹಿಂಗೋಡೆ ಮೇಲಿನಿಂದ ದುಂಡಗೆ ಇಳಿಯುತ್ತ ಬಂದು, ನಡುವಿನಲ್ಲಿ ತಾನಾಗಿಯೇ ಒಳಕ್ಕೆ ಬಳುಕಿ, ಮತ್ತೆ ಹೊರಬಂದು ಕೆಳಗಿಳಿಯಿತು. ಮೇಡಂ ಅದನ್ನು ನೋಡಿದರು. ರಬ್ಬರಿನಿಂದ ಉಜ್ಜಿ, ತೆರೆಯ ಮೇಲಿನ ಕಣ್ಣನ್ನೊಮ್ಮೆ ದಿಟ್ಟಿಸಿ, ನಿಧಾನವಾಗಿ ಬರೆದರು. ಅದೇ ಜಾಗದಲ್ಲಿ ಕೈ ಬಳುಕಿತು. ಕಪ್ಪುಹಲಗೆಯ ಮೇಲೆ ವರ್ಷ ವರ್ಷವೂ, ಮಕ್ಕಳ ಕಡೆ ಮುಖ ಮಾಡಿಕೊಂಡೇ, ನೋಡದೆ ಎಳೆದ ಗೆರೆ ಅದು. ಉಸಿರು ಹಿಡಿದು ಬರೆದರು. ಬಳುಕು ಸಣ್ಣದಾಯಿತೇ ಹೊರತು ಹೋಗಲಿಲ್ಲ. ಶಿಷ್ಯೆ ಮಣಿಕಟ್ಟು ಹಿಡಿಯಲೆಂದು ಕೈ ಚಾಚಿದವಳು ಹಿಂತೆಗೆದುಕೊಂಡಳು.

ಉಜ್ಜಿದ ಕಡೆ ಕಾಗದ ನವೆದು ತೆಳ್ಳಗಾಗಿ, ಕೆಳಗಿನ ಮೇಜಿನ ಬಣ್ಣ ಕಾಣತೊಡಗಿತ್ತು. ಮೇಡಂ ರಬ್ಬರಿನ ಪುಡಿಯನ್ನು ಊದಿದರು. ಪೆನ್ಸಿಲನ್ನು ಮತ್ತೆ ಮೇಲಿನಿಂದ ಇಟ್ಟರು.